ಪಿಕಪ್‌ನ ಟೈಲ್‌ಗೇಟಿಗೆ ಸ್ವಂತ ಪವರ್ ಲಾಕ್: ಮೋಟರ್ ತಳ್ಳಲಿ, ಭಾರವನ್ನು ಉಕ್ಕು ಹೊರಲಿ

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಬಳಿ 2012ರ ಫೋರ್ಡ್ ಎಫ್-150 ಪಿಕಪ್ ಇದೆ. ರಿಮೋಟ್ ಒತ್ತಿದರೆ ನಾಲ್ಕೂ ಬಾಗಿಲು ಲಾಕ್ ಆಗುತ್ತವೆ, ಆದರೆ ಹಿಂದೆ ಕೆಳಗಿಳಿಯುವ ಬಾಗಿಲಾದ ಟೈಲ್‌ಗೇಟಿಗೆ ಮಾತ್ರ ಬೀಗದ ಕೈ ತಿರುಗಿಸಬೇಕು. ಎಷ್ಟೋ ಸಲ ಮರೆತುಬಿಡುತ್ತೇನೆ. ಬೆಡ್ (ಹಿಂದಿನ ಸರಕಿನ ತೊಟ್ಟಿ) ಮೇಲೆ ಗಟ್ಟಿ ಕವರ್ ಹಾಕಿಸಿ ಅದರೊಳಗೆ ಕೆಲಸದ ಉಪಕರಣಗಳನ್ನು ಇಡುತ್ತೇನೆ. ಸಿದ್ಧ ಕಿಟ್ ಕೊಳ್ಳುವ ಬದಲು ಬಾಗಿಲಿಗೆ ಹಾಕುವ ಸಾಮಾನ್ಯ ಲಾಕ್ ಮೋಟರ್ ತಂದು ನಾನೇ ಜೋಡಿಸಬಹುದೇ? ಬಾಗಿಲಿನ ಮೋಟರಿಗೆ ಹೋಗುವ ವೈರಿಗೇ ಇದನ್ನೂ ಸೇರಿಸಿದರೆ ಸಾಕೇ?

ಉತ್ತರ: ಜೋಡಿಸಬಹುದು. ಸ್ವಲ್ಪ ಲೋಹದ ಕೆಲಸ ಬರುವವರಾದರೆ ಚೆನ್ನಾಗಿಯೇ ಜೋಡಿಸಬಹುದು. ಆದರೆ ಬಾಗಿಲಿನ ವೈರಿಗೆ ನೇರವಾಗಿ ಸೇರಿಸಬೇಡಿ. ನಡುವೆ ಎರಡು ರಿಲೇ (ಸಣ್ಣ ಸಂಕೇತದಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್) ಇರಬೇಕು. ಅದರ ವಿವರಕ್ಕೆ ಮುಂದೆ ಬರುತ್ತೇನೆ. ಮೊದಲು ಹೇಳಬೇಕಾದ ಮಾತು ಬೇರೆಯೇ ಇದೆ. ಇಂಥ ಕೆಲಸಕ್ಕೆ ಕೈ ಹಾಕುವವರು ಬಹುಪಾಲು ವೈರಿಂಗ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ನಾನು ನೋಡಿದ ಸ್ವಂತ ತಯಾರಿಕೆಯ ಲಾಕ್‌ಗಳು ಕೈಕೊಟ್ಟದ್ದು ಹೆಚ್ಚಾಗಿ ಲೋಹದ ಜೋಡಣೆಯಲ್ಲಿ. ಕೆಟ್ಟ ಲಾಕ್‌ನಲ್ಲಿ ಹ್ಯಾಂಡಲ್ ಎಳೆದವನ ಬಲವೆಲ್ಲ ನೇರವಾಗಿ ಮೋಟರಿನ ಪ್ಲಾಸ್ಟಿಕ್ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ಒಳ್ಳೆಯ ಲಾಕ್‌ನಲ್ಲಿ ಆ ಬಲವನ್ನು ಒಂದು ಉಕ್ಕಿನ ಪಟ್ಟಿ ಹೊರುತ್ತದೆ, ಮೋಟರ್ ಆ ಪಟ್ಟಿಯನ್ನು ಆಚೀಚೆ ಸರಿಸುವುದಷ್ಟನ್ನೇ ಮಾಡುತ್ತದೆ. ಹಳೆಯ ಮನೆಗಳ ಹೆಬ್ಬಾಗಿಲಿನ ಅಗುಳಿಯಂತೆ: ಸರಿಸಲು ಮಗುವಿನ ಕೈ ಸಾಕು, ಆದರೆ ಬಾಗಿಲು ನೂಕಿದವನ ಭಾರ ಬೀಳುವುದು ಮರದ ಮೇಲೆ ಮತ್ತು ಗೋಡೆಯ ಮೇಲೆ. ಆದ್ದರಿಂದ ಈ ಉತ್ತರದಲ್ಲಿ ಮೋಟರ್ ಸರಿಸುವ ಆ ಪಟ್ಟಿಯನ್ನು ಅಗುಳಿ ಎಂದೇ ಕರೆಯುತ್ತೇನೆ.

ಟೈಲ್‌ಗೇಟಿನ ಒಳಗಿರುವ ಯಂತ್ರ ಸರಳವಾದದ್ದು. ನಡುವಿನ ಹ್ಯಾಂಡಲ್ ಎತ್ತಿದಾಗ ಅದರ ಹಿಂದಿರುವ ಒಂದು ತಿರುಗು ತೋಳು ತಿರುಗುತ್ತದೆ. ಅದರ ಎರಡು ತುದಿಗಳಿಂದ ಎಡಕ್ಕೊಂದು, ಬಲಕ್ಕೊಂದು ತೆಳುವಾದ ಸಲಾಕೆಗಳು ಹೊರಟು ಗೇಟಿನ ಎರಡೂ ಬದಿಯ ಲ್ಯಾಚ್‌ಗಳನ್ನು ಸೇರುತ್ತವೆ. ತೋಳು ತಿರುಗಿದಾಗ ಸಲಾಕೆಗಳು ಒಳಕ್ಕೆ ಎಳೆಯಲ್ಪಡುತ್ತವೆ, ಲ್ಯಾಚಿನ ಕೊಕ್ಕೆಗಳು ಬೆಡ್‌ನ ಬದಿಯಲ್ಲಿರುವ ಉಕ್ಕಿನ ಗೂಟಗಳನ್ನು ಬಿಡುತ್ತವೆ, ಗೇಟು ಕೆಳಗಿಳಿಯುತ್ತದೆ. ನಿಮ್ಮ ಗಾಡಿಯಲ್ಲಿ ಈಗ ಇರುವ ಬೀಗದ ಸಿಲಿಂಡರಿನ ಹಿಂಬದಿಯಲ್ಲಿ ಒಂದು ಸಣ್ಣ ನಾಲಿಗೆ ಇರುತ್ತದೆ. ಬೀಗದ ಕೈ ತಿರುಗಿಸಿದಾಗ ಅದು ಹ್ಯಾಂಡಲ್ ಚಲಿಸದಂತೆ ಅಡ್ಡ ನಿಲ್ಲುತ್ತದೆ.

ಇಲ್ಲಿಯೇ ಮೊದಲ ಬಲೆ ಇದೆ. ‘ಆ ನಾಲಿಗೆಯನ್ನೇ ಮೋಟರಿನಿಂದ ತಿರುಗಿಸಿದರೆ ಆಯಿತಲ್ಲ’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಒಳಫಲಕ ತೆಗೆದ ಮೇಲೆ, ಬೀಗದ ಕೈಯನ್ನು ಹೊರಗೆಳೆದು, ಆ ನಾಲಿಗೆಯನ್ನು ಬೆರಳಿನಿಂದ ತಿರುಗಿಸಲು ಪ್ರಯತ್ನಿಸಿ ನೋಡಿ. ಹಾಕಿದ ಸ್ಥಿತಿ, ತೆಗೆದ ಸ್ಥಿತಿ ಎರಡರಲ್ಲೂ ಬೀಗದ ಕೈಯನ್ನು ಹೊರಗೆಳೆಯಲು ಬರುವ ಸಿಲಿಂಡರಾಗಿದ್ದರೆ ಅದು ಅಲುಗುವುದಿಲ್ಲ, ಏಕೆಂದರೆ ಬೀಗದ ಕೈ ಇಲ್ಲದಿದ್ದಾಗ ಒಳಗಿನ ತೆಳು ಪಟ್ಟಿಗಳು ಸಿಲಿಂಡರನ್ನು ಬಿಗಿಯಾಗಿ ಹಿಡಿದಿರುತ್ತವೆ. ಹಾಗೆ ಹಿಡಿಯುವುದೇ ಬೀಗದ ಕೆಲಸ. ಇಂಥ ನಾಲಿಗೆಗೆ ಮೋಟರಿನ ಸಲಾಕೆಯನ್ನು ಕಟ್ಟಿದರೆ ಮೋಟರ್ ಪ್ರತಿ ಸಲವೂ ಗೋಡೆಗೆ ತಲೆ ಚಚ್ಚಿಕೊಂಡು, ಕೆಲವೇ ವಾರಗಳಲ್ಲಿ ಹಲ್ಲು ಕಳೆದುಕೊಳ್ಳುತ್ತದೆ. ಹಾಗಾಗಿ ನಿಮಗೆ ನನ್ನ ಸಲಹೆ ಇದು: ಹಳೆಯ ಬೀಗವನ್ನು ಮುಟ್ಟಬೇಡಿ, ಅದು ತೆರೆದ ಸ್ಥಿತಿಯಲ್ಲಿ ತನ್ನಷ್ಟಕ್ಕೆ ತಾನಿರಲಿ. ಹೊಸ ಅಗುಳಿಯನ್ನು ಬೇರೆಯಾಗಿಯೇ, ತಿರುಗು ತೋಳಿಗೆ ಅಡ್ಡ ಬರುವಂತೆ ಕೂರಿಸಿ. ಆಗ ದಿನನಿತ್ಯಕ್ಕೆ ಅಗುಳಿ ಇರುತ್ತದೆ, ಗಾಡಿಯನ್ನು ಹಲವು ದಿನ ಎಲ್ಲಿಯಾದರೂ ಬಿಟ್ಟುಹೋಗುವಾಗ ಹಳೆಯ ಬೀಗವನ್ನೂ ಹಾಕಿಕೊಳ್ಳಬಹುದು.

ಅಡ್ಡ ಬರಬೇಕಾದದ್ದು ತೋಳಿಗೇ ಹೊರತು ಹ್ಯಾಂಡಲಿಗಲ್ಲ. ಹ್ಯಾಂಡಲ್ ಮತ್ತು ಅದರ ಚೌಕಟ್ಟು ಪ್ಲಾಸ್ಟಿಕ್ ಅಥವಾ ಎರಕದ ಮಿಶ್ರಲೋಹದ್ದು. ಜೋರಾಗಿ ಎಳೆದರೆ ಮುರಿಯುತ್ತದೆ. ಅಗುಳಿ ಹ್ಯಾಂಡಲನ್ನಷ್ಟೇ ತಡೆಯುತ್ತಿದ್ದರೆ, ಮುರಿದ ಹ್ಯಾಂಡಲಿನ ರಂಧ್ರದೊಳಗೆ ಸ್ಕ್ರೂಡ್ರೈವರ್ ತೂರಿಸಿ ತೋಳನ್ನು ತಿರುಗಿಸಿದವನಿಗೆ ಗೇಟು ತೆರೆದಂತೆಯೇ. ತೋಳನ್ನೇ ತಡೆದರೆ ಹ್ಯಾಂಡಲ್ ಹೋದರೂ ಗೇಟು ಮುಚ್ಚಿಯೇ ಇರುತ್ತದೆ.

ಈ ಲಾಕ್‌ನಿಂದ ಯಾವುದಕ್ಕೆ ರಕ್ಷಣೆ, ಯಾವುದಕ್ಕೆ ಇಲ್ಲ ಎಂಬುದನ್ನೂ ತಿಳಿದಿರಬೇಕು. ಅಮೆರಿಕದಲ್ಲಿ ಟೈಲ್‌ಗೇಟನ್ನೇ ಕಳಚಿಕೊಂಡು ಹೋಗುವ ಕಳ್ಳತನ ಹಳೆಯ ಪಿಡುಗು. ಬದಿಯ ಎರಡು ಕೇಬಲ್‌ಗಳನ್ನು ಬಿಡಿಸಿ, ಗೇಟನ್ನು ಅರ್ಧ ಇಳಿಸಿದ ಕೋನದಲ್ಲಿ ಎತ್ತಿದರೆ ಸಾಕು, ಅದು ಕೀಲಿನಿಂದ ಹೊರಬರುತ್ತದೆ. ಯಾವ ಉಪಕರಣವೂ ಬೇಕಿಲ್ಲ. ಗೇಟು ಮುಚ್ಚಿ ಲಾಕ್ ಆಗಿದ್ದರೆ ಆ ಕೋನವೇ ಸಿಗುವುದಿಲ್ಲವಾದ್ದರಿಂದ ಈ ಕಳ್ಳತನ ಕಷ್ಟವಾಗುತ್ತದೆ. ಜೊತೆಗೆ, ಕಳಚಿಕೊಳ್ಳುವ ಬದಿಯ ಕೀಲಿನ ಸುತ್ತ ತುಕ್ಕು ಹಿಡಿಯದ ಉಕ್ಕಿನ ಹೋಸ್ ಕ್ಲ್ಯಾಂಪ್ ಒಂದನ್ನು ಬಿಗಿದರೆ ಗೇಟು ತೆರೆದಿದ್ದಾಗಲೂ ಎತ್ತಲು ಬಾರದು. ಅಗ್ಗದ ಉಪಾಯ, ಆದರೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಇನ್ನು ಬೆಡ್‌ನ ಒಳಗಿನ ಸಾಮಾನು. ಬೆಡ್ ತೆರೆದಿದ್ದರೆ ಟೈಲ್‌ಗೇಟಿನ ಲಾಕ್‌ನಿಂದ ಸಾಮಾನಿಗೆ ಯಾವ ರಕ್ಷಣೆಯೂ ಇಲ್ಲ, ಮೇಲಿನಿಂದ ಕೈ ಹಾಕಿ ಎತ್ತಿಕೊಳ್ಳಬಹುದು. ಅಷ್ಟೇ ಅಲ್ಲ, ಒಳಫಲಕದ ಸ್ಕ್ರೂಗಳು ಬೆಡ್‌ನ ಕಡೆಗೇ ಮುಖ ಮಾಡಿರುವುದರಿಂದ ಹತ್ತಿ ಕುಳಿತವನಿಗೆ ಅಗುಳಿಯೂ ಸಿಕ್ಕಿಬಿಡುತ್ತದೆ. ನಿಮ್ಮ ಗಾಡಿಗೆ ಗಟ್ಟಿ ಕವರ್ ಇರುವುದರಿಂದ ಈ ಲಾಕ್ ಹಾಕುವುದಕ್ಕೆ ಪೂರ್ಣ ಅರ್ಥವಿದೆ. ನಿಮ್ಮ ಕವರ್ ಗೇಟನ್ನು ತೆರೆದರೆ ಮಾತ್ರ ಬಿಚ್ಚಿಕೊಳ್ಳುವ ಬಗೆಯದಾದರಂತೂ ಬೆಡ್‌ನ ಬೀಗವೆಂದರೆ ಈ ಅಗುಳಿಯೇ.

ಕೆಲಸ ಆರಂಭಿಸುವಾಗ ಗೇಟನ್ನು ಪೂರ್ತಿ ಇಳಿಸಿ, ಟಾರ್ಕ್ಸ್ (ನಕ್ಷತ್ರಾಕಾರದ ತಲೆಗುಳಿಯ) ಸ್ಕ್ರೂಗಳನ್ನು ಬಿಚ್ಚಿ ಒಳಫಲಕವನ್ನು ತೆಗೆಯಿರಿ. ಏನನ್ನೂ ಕತ್ತರಿಸುವ ಮೊದಲು ಹ್ಯಾಂಡಲನ್ನು ನಿಧಾನವಾಗಿ ಎತ್ತುತ್ತಾ ಒಳಗಿನ ಚಲನೆಯನ್ನು ಫೋನಿನಲ್ಲಿ ಚಿತ್ರಿಸಿಕೊಳ್ಳಿ. ತೋಳಿನ ಯಾವ ಭಾಗ ಯಾವ ಕಡೆಗೆ, ಎಷ್ಟು ಸರಿಯುತ್ತದೆ ಎಂಬುದು ಹತ್ತು ಸಲ ಎತ್ತಿ ನೋಡಿದಾಗಲೂ ಕಣ್ಣು ತಪ್ಪಿಸುತ್ತದೆ, ಚಿತ್ರದಲ್ಲಿ ಸ್ಪಷ್ಟವಾಗುತ್ತದೆ. ತೋಳಿನ ಸುತ್ತ ಮೋಟರ್ ಕೂರಲು ಜಾಗ ಎಲ್ಲಿದೆ ಎಂದು ರಟ್ಟಿನ ಅಚ್ಚು ಕತ್ತರಿಸಿ ಇಟ್ಟು ನೋಡಿ. 2009ರಿಂದ ಎಫ್-150ಗೆ ಗೇಟಿನೊಳಗಿಂದ ಹೊರಗೆಳೆಯುವ ಮೆಟ್ಟಿಲು ಐಚ್ಛಿಕವಾಗಿ ಸಿಗುತ್ತಿತ್ತು. ನಿಮ್ಮದರಲ್ಲಿ ಅದಿದ್ದರೆ ಒಳಗಿನ ಜಾಗ ತೀರಾ ಇಕ್ಕಟ್ಟು.

ನಂತರ ಒಂದು ಪರೀಕ್ಷೆಯನ್ನು ಮರೆಯದೆ ಮಾಡಬೇಕು. ಗೇಟು ಇಳಿದಿರುವಾಗಲೇ ಒಂದು ಬದಿಯ ಲ್ಯಾಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ, ಗೇಟು ಮುಚ್ಚಿದಾಗ ಆಗುವಂತೆ ‘ಟಕ್, ಟಕ್’ ಎಂದು ಎರಡು ಹಂತದಲ್ಲಿ ಮುಚ್ಚಿ. ಆ ಸಮಯದಲ್ಲಿ ನಡುವಿನ ತೋಳಿನ ಮೇಲೆ ಕಣ್ಣಿಡಿ. ಕೆಲವು ಗೇಟುಗಳಲ್ಲಿ ತೋಳು ಅಲುಗುವುದೇ ಇಲ್ಲ. ಇನ್ನು ಕೆಲವುಗಳಲ್ಲಿ ಕೊಕ್ಕೆ ಹಲ್ಲು ದಾಟುವ ಪ್ರತಿ ಸಲವೂ ಸಲಾಕೆ ತುಸು ಎಳೆಯಲ್ಪಟ್ಟು ತೋಳು ಮಿಡುಕುತ್ತದೆ. ಎರಡನೆಯ ಬಗೆಯಾದರೆ, ಅಗುಳಿ ಹಾಕಿದ ಸ್ಥಿತಿಯಲ್ಲಿ ಗೇಟನ್ನು ಬಡಿದು ಮುಚ್ಚುವಂತಿಲ್ಲ. ಮುಚ್ಚಿದರೆ ಲ್ಯಾಚ್ ಹಿಡಿಯುವುದಿಲ್ಲ, ಇಲ್ಲವೇ ಸಲಾಕೆ ಬಾಗುತ್ತದೆ. ಇದಕ್ಕೆ ಪರಿಹಾರ ಎರಡು: ಮುಚ್ಚಿದ ಮೇಲೆಯೇ ರಿಮೋಟ್ ಒತ್ತುವ ಅಭ್ಯಾಸ ಮಾಡಿಕೊಳ್ಳುವುದು, ಇಲ್ಲವೇ ಆ ಮಿಡುಕಿಗೆ ಬೇಕಾದಷ್ಟು ಅಂತರವನ್ನು ಅಗುಳಿ ಮತ್ತು ತೋಳಿನ ನಡುವೆ ಬಿಡುವುದು. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎತ್ತಿ ಕೊಕ್ಕೆಯನ್ನು ಮತ್ತೆ ತೆರೆದಿಡುವುದನ್ನು ಮರೆಯಬೇಡಿ. ಮುಚ್ಚಿದ ಕೊಕ್ಕೆಯೊಂದಿಗೆ ಗೇಟನ್ನು ಎತ್ತಿ ಬಡಿದರೆ ಅದು ಬೆಡ್‌ನ ಗೂಟಕ್ಕೆ ಅಪ್ಪಳಿಸುತ್ತದೆ.

ಅಗುಳಿಗೆ 20 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಮೆದು ಉಕ್ಕಿನ ಪಟ್ಟಿ ಸಾಕು. ಅದು ಜಾರುವ ದಾರಿಯನ್ನು ಒಂದು ತಳಫಲಕ, ಎರಡು ಬದಿಯ ಪಟ್ಟಿ ಮತ್ತು ಮೇಲೊಂದು ಮುಚ್ಚುಪಟ್ಟಿಯಿಂದ ಮಾಡಿಕೊಳ್ಳಿ. ಎಲ್ಲ ಕಡೆ ಸುಮಾರು ಅರ್ಧ ಮಿ.ಮೀ. ಸಡಿಲವಿರಲಿ, ಇದಕ್ಕಿಂತ ಬಿಗಿಯಾದರೆ ದೂಳು ಸೇರಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಅಗುಳಿ ಚಲಿಸುವ ದಿಕ್ಕು ತೋಳು ಬಂದು ಒತ್ತುವ ದಿಕ್ಕಿಗೆ ನೇರ ಅಡ್ಡವಾಗಿರಬೇಕು. ಇದೊಂದನ್ನು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ: ಒತ್ತುವ ಮುಖ ತುಸು ಓರೆಯಾಗಿದ್ದರೂ ಹ್ಯಾಂಡಲ್ ಎಳೆದಾಗ ತೋಳು ಅಗುಳಿಯನ್ನು ಬೆಣೆಯಂತೆ ಹಿಂದಕ್ಕೆ ನೂಕುತ್ತದೆ. ಸಾಮಾನ್ಯ ಲಾಕ್ ಮೋಟರಿನ ಬಲ ಕೆಲವೇ ಕೆ.ಜಿ.ಗಳಷ್ಟು, ಆ ನೂಕನ್ನು ಅದು ತಡೆಯಲಾರದು. ದಾರಿ ಹುಡುಕಿಕೊಂಡು ಒಳನುಗ್ಗಲು ಅಗುಳಿಯ ತುದಿಯನ್ನು ಮಾತ್ರ ಚೂಪು ಮಾಡಿ, ತೋಳು ತಾಗುವ ಮುಖ ಚಪ್ಪಟೆಯಾಗಿ, ಮೂಲೆಮಟ್ಟವಾಗಿ ಇರಲಿ.

ಮೋಟರಿನ ಒಟ್ಟು ಚಲನೆ ಸುಮಾರು 18ರಿಂದ 20 ಮಿ.ಮೀ. ಅದರಲ್ಲಿ 10 ಮಿ.ಮೀ. ತೋಳಿನ ಹಿಂದೆ ನುಗ್ಗುವುದಕ್ಕೆ ಇಟ್ಟುಕೊಂಡರೆ ಉಳಿದದ್ದು ಸಡಿಲಕ್ಕೆ ಮತ್ತು ಜೋಡಣೆಯ ಹೆಚ್ಚುಕಡಿಮೆಗೆ ಸಿಗುತ್ತದೆ. ತೋಳು ವಿಶ್ರಾಂತಿಯಲ್ಲಿದ್ದಾಗ ಅದಕ್ಕೂ ಅಗುಳಿಗೂ 2-3 ಮಿ.ಮೀ. ಅಂತರವಿರಬೇಕು. ಅಂತರವೇ ಇಲ್ಲದಂತೆ ಕೂರಿಸಿದರೆ ಕೈಗೆ ಗಟ್ಟಿಯೆನಿಸುತ್ತದೆ, ಆದರೆ ಬಿಸಿಲಿಗೆ ಗೇಟು ಕಾದಾಗಲೋ ಒಳಗಿನಿಂದ ಸಾಮಾನು ಒತ್ತಿದಾಗಲೋ ತೋಳು ಅಗುಳಿಯನ್ನು ಒತ್ತಿ ಹಿಡಿದು, ಅನ್‌ಲಾಕ್ ಒತ್ತಿದರೂ ಮೋಟರಿಗೆ ಅದನ್ನು ಎಳೆಯಲು ಆಗುವುದಿಲ್ಲ.

ಗೇಟಿನ ತಗಡು ತೆಳು. ದಾರಿಯ ತಳಫಲಕವನ್ನು ನೇರವಾಗಿ ತಗಡಿಗೆ ಬಿಗಿದರೆ ಕಾಲಾಂತರದಲ್ಲಿ ತೂತುಗಳು ಹಿಗ್ಗುತ್ತವೆ. ಹಿಂದೆ 3 ಮಿ.ಮೀ. ದಪ್ಪದ ಆಧಾರಫಲಕ ಇಟ್ಟು, ತಗಡನ್ನು ನಡುವೆ ಸಿಕ್ಕಿಸಿ, ನೈಲಾನ್ ಉಂಗುರವಿರುವ ಲಾಕ್ ನಟ್‌ಗಳಿಂದ ಬಿಗಿಯಿರಿ. ಮೋಟರಿನ ಪ್ಯಾಕೆಟ್ಟಿನೊಂದಿಗೆ ಬರುವ ತಾನೇ ಕೊರೆದುಕೊಳ್ಳುವ ಸ್ಕ್ರೂಗಳನ್ನು ಬದಿಗಿಡಿ; ಪಿಕಪ್‌ನ ಗೇಟು ದಿನಕ್ಕೆ ಎಷ್ಟು ಸಲ ಬಡಿದುಕೊಳ್ಳುತ್ತದೆ ಎಂಬುದನ್ನು ನೆನೆದರೆ ಅವು ಎಷ್ಟು ದಿನ ನಿಲ್ಲಬಹುದೆಂದು ಊಹಿಸಬಹುದು. ಮೋಟರಿನ ಸಲಾಕೆಯನ್ನು ಅಗುಳಿಗೆ ಸೇರಿಸುವ ಸಣ್ಣ ಜೋಡಕದ ಸ್ಕ್ರೂ ಕೂಡ ಸಡಿಲವಾಗುವ ಸ್ವಭಾವದ್ದು. ಅದು ಕೂರುವ ಜಾಗದಲ್ಲಿ ಸಲಾಕೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಸ್ಕ್ರೂವಿಗೆ ಥ್ರೆಡ್ ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ. ಮೋಟರ್, ಸಲಾಕೆ, ಅಗುಳಿ ಮೂರೂ ಒಂದೇ ಗೆರೆಯಲ್ಲಿರಲಿ.

ಲಾಕ್ ಮೋಟರ್‌ಗಳಲ್ಲಿ ಎರಡು ವೈರಿನದು, ಐದು ವೈರಿನದು ಎಂದು ಎರಡು ಬಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೂ, ನಿಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಸಿಗುವುದು ಇವೇ. ಐದು ವೈರಿನದರೊಳಗೆ ಚಾಲಕನ ಬಾಗಿಲಿಗೆ ಬೇಕಾಗುವ ಸ್ವಿಚ್ ಇರುತ್ತದೆ, ನಿಮಗೆ ಅದು ಬೇಡ. ಎರಡು ವೈರಿನದು ಸಾಕು: ಒಂದು ಧ್ರುವತೆಯಲ್ಲಿ ವಿದ್ಯುತ್ ಕೊಟ್ಟರೆ ಸಲಾಕೆ ಹೊರಬರುತ್ತದೆ, ತಿರುಗಿಸಿ ಕೊಟ್ಟರೆ ಒಳಹೋಗುತ್ತದೆ. ವಿದ್ಯುತ್ ಇಲ್ಲದಾಗ ಸಲಾಕೆಯನ್ನು ಕೈಯಿಂದ ಸರಾಗವಾಗಿ ಎಳೆಯಲು ಬರುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ. ತುರ್ತಿಗೆ ಅಗುಳಿಯನ್ನು ಕೈಯಿಂದ ತೆರೆಯಬೇಕಾದರೆ ಇದು ಅಗತ್ಯ. ಆದರೆ ಅದೇ ಸಡಿಲತೆಯಿಂದ ರಸ್ತೆಯ ಕುಲುಕಿಗೆ ಅಗುಳಿ ತಾನಾಗಿ ಸರಿಯಲೂಬಹುದು. ಅದಕ್ಕಾಗಿ ಎರಡೂ ತುದಿಗಳಲ್ಲಿ ಅಗುಳಿಯನ್ನು ಹಗುರಾಗಿ ಹಿಡಿದಿಡುವ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿಯನ್ನು ದಾರಿಯ ಬದಿಗೆ ಕೂರಿಸಿ. ಕೆಲವರು ಮೋಟರಿನ ಬದಲು ಸೊಲೆನಾಯ್ಡ್ (ವಿದ್ಯುತ್ ಸುರುಳಿಯ ಅಯಸ್ಕಾಂತ ಬಲದಿಂದ ಸಲಾಕೆ ಎಳೆಯುವ ಸಾಧನ) ಹಾಕುತ್ತಾರೆ. ಅದು ಹೆಚ್ಚು ವಿದ್ಯುತ್ ಎಳೆಯುತ್ತದೆ, ಸ್ಪ್ರಿಂಗ್ ಇರುವ ಬಗೆಯಾದರೆ ಎರಡರಲ್ಲಿ ಒಂದು ಸ್ಥಿತಿಯಲ್ಲಿ ನಿಲ್ಲಲು ಸತತ ವಿದ್ಯುತ್ ಬೇಡುತ್ತದೆ. ನಿಲ್ಲಿಸಿದ ಗಾಡಿಯ ಬ್ಯಾಟರಿಗೆ ಇದು ಸಲ್ಲದು.

ಗೇಟಿನೊಳಕ್ಕೆ ನೀರು ಬರುತ್ತದೆ. ಬರದಂತೆ ತಡೆಯಲು ಹೋಗಬೇಡಿ, ಕೆಳಗಿನ ಬಸಿಗಂಡಿಗಳನ್ನು ತೆರೆದಿಡಿ. ಗೇಟು ಮುಚ್ಚಿದ್ದಾಗ ಮೋಟರಿನ ಸಲಾಕೆ ಹೊರಬರುವ ಬಾಯಿ ಕೆಳಮುಖವಾಗಿ ಅಥವಾ ಅಡ್ಡಲಾಗಿ ತುಸು ಕೆಳಕ್ಕೆ ಓಲಿದಂತೆ ಇರಬೇಕು. ಮೇಲ್ಮುಖವಾಗಿದ್ದರೆ ಸಲಾಕೆಯ ಗುಂಟ ಇಳಿದ ನೀರು ರಬ್ಬರ್ ಸುಕ್ಕುಕೊಳವೆಯನ್ನು ದಾಟಿ ಮೋಟರಿನೊಳಗೆ ಸೇರುತ್ತದೆ.

ಇನ್ನು ಮೋಟರ್ ಕೆಟ್ಟು ಅಗುಳಿ ಹಾಕಿದಂತೆಯೇ ಉಳಿದರೆ? ಒಳಫಲಕವನ್ನು ಬಿಚ್ಚಲು ಬೆಡ್‌ನೊಳಗೆ ಹೋಗಬೇಕು, ಬೆಡ್‌ನೊಳಗೆ ಹೋಗಲು ಗೇಟು ತೆರೆಯಬೇಕು. ಕವರ್ ಇರುವ ಗಾಡಿಗೆ ಇದು ಸಣ್ಣ ಮಾತಲ್ಲ. ಅಗುಳಿಯ ಹಿಂದಿನ ತುದಿಗೆ ಸೈಕಲ್ಲಿನ ಬ್ರೇಕ್ ಕೇಬಲ್ ಒಂದನ್ನು ಕಟ್ಟಿ, ಹೊರಕವಚದ ಸಮೇತ ಗೇಟಿನ ಕೆಳಗಿನ ಬಸಿಗಂಡಿಯ ಮೂಲಕ ತಂದು, ಕೆಳಗೆ ಮಲಗಿ ಹುಡುಕಿದರೆ ಮಾತ್ರ ಕಾಣುವಂಥ ಜಾಗದಲ್ಲಿ ತುದಿಯನ್ನು ಸಿಕ್ಕಿಸಿಡಿ. ಹಳೆಯ ಬೀಗದ ಕೈಯಿಂದಲೇ ಅಗುಳಿ ಎಳೆಯುವಂತೆ ಮಾಡುವುದೂ ಸಾಧ್ಯವಿದೆ, ಆದರೆ ಅದಕ್ಕೆ ಮೂಲ ನಾಲಿಗೆಯನ್ನು ಕತ್ತರಿಸಿ ಬೇರೆ ಜೋಡಣೆ ಮಾಡಬೇಕಾಗುತ್ತದೆ. ಮೊದಲ ಪ್ರಯತ್ನಕ್ಕೆ ಅದು ಬೇಡ.

ಈಗ ವಿದ್ಯುತ್ತಿನ ಮಾತು. ನಿಮ್ಮ ಗಾಡಿಯಲ್ಲಿ ಬಾಗಿಲಿನ ಮೋಟರ್‌ಗಳನ್ನು ನಡೆಸುವುದು ಗಾಡಿಯ ನಿಯಂತ್ರಣ ಪೆಟ್ಟಿಗೆ. ಅದರೊಳಗಿನ ಸರ್ಕಿಟ್‌ಗಳನ್ನು ಕಾರ್ಖಾನೆಯಲ್ಲಿ ಹಾಕಿದ ಮೋಟರ್‌ಗಳ ಹೊರೆಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಸಲಾಕೆ ತುದಿ ಮುಟ್ಟಿ ನಿಂತಾಗ ಇಂಥ ಒಂದು ಮೋಟರ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದನ್ನು ಬಾಗಿಲಿನ ವೈರಿಗೇ ಸೇರಿಸಿದರೆ ಕೆಲವೊಮ್ಮೆ ನಡೆದುಬಿಡುತ್ತದೆ, ಕೆಲವೊಮ್ಮೆ ಬಾಗಿಲುಗಳ ಲಾಕ್ ಮಂಕಾಗುತ್ತದೆ, ದುರದೃಷ್ಟವಿದ್ದರೆ ಪೆಟ್ಟಿಗೆಯೇ ಹೋಗುತ್ತದೆ. ಅಗ್ಗದ ಮೋಟರೊಂದರ ಸಲುವಾಗಿ ಅಂಥ ಪೆಟ್ಟಿಗೆಯನ್ನು ಪಣಕ್ಕಿಡುವುದು ಜಾಣತನವಲ್ಲ. ರಿಲೇಯ ಸುರುಳಿ ಎಳೆಯುವುದು 12 ವೋಲ್ಟಿನಲ್ಲಿ 150ರಿಂದ 200 ಮಿಲಿಆಂಪಿಯರ್ ಮಾತ್ರ. ಪೆಟ್ಟಿಗೆಗೆ ಅದು ಹೊರೆಯೇ ಅಲ್ಲ.

ಐದು ಕಾಲಿನ ಸಾಮಾನ್ಯ ಆಟೋ ರಿಲೇ ಎರಡು ಬೇಕು. ಪ್ರತಿ ರಿಲೇಯ 30ನೇ ಕಾಲಿನಿಂದ ಮೋಟರಿನ ಒಂದೊಂದು ವೈರ್ ಹೊರಡಲಿ. ಎರಡರ 87ಎ ಕಾಲುಗಳೂ ಅರ್ತ್‌ಗೆ, ಎರಡರ 87ನೇ ಕಾಲುಗಳೂ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ 12 ವೋಲ್ಟಿಗೆ. ಮೊದಲ ರಿಲೇಯ 86ನೇ ಕಾಲಿಗೆ ಬಾಗಿಲಿನ ಲಾಕ್ ವೈರಿನಿಂದ, ಎರಡನೆಯದರ 86ನೇ ಕಾಲಿಗೆ ಅನ್‌ಲಾಕ್ ವೈರಿನಿಂದ ಸಂಕೇತ ತನ್ನಿ, ಎರಡರ 85ನೇ ಕಾಲೂ ಅರ್ತ್‌ಗೆ. ಏನೂ ಒತ್ತದಿದ್ದಾಗ ಮೋಟರಿನ ಎರಡೂ ವೈರುಗಳು ಅರ್ತ್‌ನಲ್ಲಿಯೇ ಇರುತ್ತವೆ. ಲಾಕ್ ಒತ್ತಿದರೆ ಒಂದು ವೈರಿಗೆ, ಅನ್‌ಲಾಕ್ ಒತ್ತಿದರೆ ಇನ್ನೊಂದಕ್ಕೆ ಅರ್ಧ-ಮುಕ್ಕಾಲು ಸೆಕೆಂಡಿನಷ್ಟು ಹೊತ್ತು 12 ವೋಲ್ಟು ಬಂದು ಮೋಟರ್ ಆ ಕಡೆಗೆ ಓಡುತ್ತದೆ. ಈ ಜೋಡಣೆಯ ದೊಡ್ಡ ಗುಣವೆಂದರೆ, ಯಾವುದೋ ದೋಷದಿಂದ ಎರಡೂ ರಿಲೇ ಒಟ್ಟಿಗೆ ಎದ್ದರೂ ಶಾರ್ಟ್ ಆಗುವುದಿಲ್ಲ. ಮೋಟರಿನ ಎರಡೂ ಬದಿಗೆ ಒಂದೇ ವೋಲ್ಟೇಜ್ ಬಂದು ಅದು ಸುಮ್ಮನಿರುತ್ತದೆ. ಸುರುಳಿ ಆರಿದಾಗ ಹಿಂದಕ್ಕೆ ಒದೆಯುವ ವೋಲ್ಟೇಜ್ ನಿಯಂತ್ರಣ ಪೆಟ್ಟಿಗೆಗೆ ಹೋಗದಂತೆ ಪ್ರತಿ ಸುರುಳಿಗೆ ಅಡ್ಡಲಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಹಾಕಿ, ಅದರ ಪಟ್ಟೆ ಇರುವ ತುದಿ 86ರ ಕಡೆಗಿರಲಿ. ಡಯೋಡನ್ನು ಒಳಗೇ ಇಟ್ಟಿರುವ ರಿಲೇಗಳೂ ಸಿಗುತ್ತವೆ. ಅವುಗಳಲ್ಲಿ 85, 86 ಅದಲುಬದಲಾಗಬಾರದು.

ಬಾಗಿಲಿನ ವೈರು ಯಾವುದು ಎಂಬುದನ್ನು ಬಣ್ಣ ನೋಡಿ ನಿರ್ಧರಿಸಬೇಡಿ, ಅಳೆದು ತಿಳಿಯಿರಿ. 2009-14ರ ಎಫ್-150ಯಲ್ಲಿ ಒಳಗಿನ ಫ್ಯೂಸ್ ಪೆಟ್ಟಿಗೆ ಚಾಲಕನ ಪಕ್ಕದ ಸೀಟಿನ ಕಾಲಿನ ಬಳಿ, ಬದಿಯ ಫಲಕದ ಹಿಂದೆ ಇರುತ್ತದೆ. ಸಂಕೇತ ತೆಗೆಯಬೇಕಾದದ್ದು ಆ ಪಕ್ಕದ ಬಾಗಿಲಿನಿಂದಲೇ, ಅದಕ್ಕೆ ಹೋಗುವ ವೈರುಗಳು ಅಲ್ಲಿಯೇ ಹತ್ತಿರದಲ್ಲಿ ಸಿಗುತ್ತವೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಲೋಹಕ್ಕೆ ಹಿಡಿದು, ಕೆಂಪು ಕಡ್ಡಿಯಿಂದ ಒಂದೊಂದು ವೈರನ್ನು ಪರೀಕ್ಷಿಸುತ್ತಾ ಯಾರಿಂದಲಾದರೂ ರಿಮೋಟ್ ಒತ್ತಿಸಿ. ಲಾಕ್ ಒತ್ತಿದಾಗ ಮಾತ್ರ ಕ್ಷಣಕಾಲ 12 ವೋಲ್ಟ್ ತೋರಿ ಉಳಿದಾಗ ಸೊನ್ನೆಯಲ್ಲಿರುವುದು ಲಾಕ್ ವೈರ್, ಅನ್‌ಲಾಕ್ ಒತ್ತಿದಾಗ ಹಾಗಾಗುವುದು ಅನ್‌ಲಾಕ್ ವೈರ್. ಸಾಧಾರಣ ಮೀಟರ್ ಅರ್ಧ ಸೆಕೆಂಡಿನ ಮಿಡಿತವನ್ನು ಹಿಡಿಯದೆ ಹೋಗಬಹುದು, ಗರಿಷ್ಠ ಮೌಲ್ಯವನ್ನು ಹಿಡಿದಿಡುವ ಗುಂಡಿ ಇದ್ದರೆ ಬಳಸಿ. ಬಲ್ಬು ಇರುವ ಹಳೆಯ ಟೆಸ್ಟ್ ಲ್ಯಾಂಪನ್ನು ಇಲ್ಲಿಗೆ ತರಬೇಡಿ. ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಸುತ್ತು ಇರುವ ವೈರು ಕಂಡರೆ ಅದು ಏರ್‌ಬ್ಯಾಗಿನದು ಎಂದೇ ತಿಳಿದು ಕೈ ಹಿಂದಕ್ಕೆ ತೆಗೆಯಿರಿ. ಅಳತೆ ಮುಗಿದ ಮೇಲೆ, ವೈರ್ ಕತ್ತರಿಸಿ ಸೇರಿಸುವ ಮೊದಲು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಡಿಸಿಡಿ.

ಸಂಕೇತವನ್ನು ಚಾಲಕನ ಬಾಗಿಲಿನಿಂದಲ್ಲದೆ ಪಕ್ಕದ ಬಾಗಿಲಿನಿಂದಲೇ ಏಕೆ ತೆಗೆಯಬೇಕೆಂದರೆ, ಅನ್‌ಲಾಕ್ ಅನ್ನು ಒಮ್ಮೆ ಒತ್ತಿದಾಗ ಚಾಲಕನ ಬಾಗಿಲು ಮಾತ್ರ, ಎರಡನೆಯ ಸಲ ಒತ್ತಿದಾಗ ಉಳಿದವು ತೆರೆಯುವಂತೆ ಗಾಡಿಗಳಲ್ಲಿ ಸಾಮಾನ್ಯವಾಗಿ ಏರ್ಪಾಡು ಇರುತ್ತದೆ. ಪಕ್ಕದ ಬಾಗಿಲಿನಿಂದ ತೆಗೆದರೆ ಟೈಲ್‌ಗೇಟು ಎರಡನೆಯ ಒತ್ತಿಗೆ ಮಾತ್ರ ತೆರೆಯುತ್ತದೆ. ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಒಬ್ಬರೇ ಗಾಡಿ ಹತ್ತುವಾಗ ಹಿಂದಿನ ಸಾಮಾನು ತೆರೆದುಕೊಳ್ಳದಿರುವುದು ಒಳ್ಳೆಯದೇ.

ರಿಲೇಗಳು ಕ್ಯಾಬಿನ್ನಿನೊಳಗೆ ಒಣ ಜಾಗದಲ್ಲಿರಲಿ, ಹಿಂದಕ್ಕೆ ಹೋಗುವುದು ಮೋಟರಿನ ಎರಡು ವೈರು ಮಾತ್ರ. ಬ್ಯಾಟರಿಯಿಂದ ತರುವ ವೈರಿನಲ್ಲಿ 10 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ತುದಿಯಿಂದ ಒಂದು ಗೇಣಿನೊಳಗೇ ಹಾಕಿ. ಫ್ಯೂಸ್ ಇರುವುದು ವೈರನ್ನು ಕಾಯಲು, ಆದ್ದರಿಂದ ಅದಕ್ಕೂ ಬ್ಯಾಟರಿಗೂ ನಡುವಿನ ತುಂಡು ಎಷ್ಟು ಚಿಕ್ಕದಿದ್ದರೆ ಅಷ್ಟು ಕ್ಷೇಮ. ವೈರಿನ ದಪ್ಪದ ಲೆಕ್ಕ ಹೀಗಿದೆ. ಕ್ಯಾಬಿನ್ನಿನಿಂದ ಗೇಟಿಗೆ ಸುಮಾರು 6 ಮೀಟರ್ ಎಂದುಕೊಂಡರೆ, ಹೋಗಿ ಬರುವ ದಾರಿ 12 ಮೀಟರ್. ಅಮೆರಿಕದ ಅಳತೆಯ 18 ಗೇಜಿನ (ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ವೈರು ದಪ್ಪ) ತಾಮ್ರದ ವೈರಿನಲ್ಲಿ ಇಷ್ಟು ಉದ್ದಕ್ಕೆ ಸುಮಾರು 0.25 ಓಮ್ ರೋಧ. 5 ಆಂಪಿಯರಿಗೆ 1.25 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. 16 ಗೇಜಾದರೆ ಆ ನಷ್ಟ 0.8 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿ ಸೋತ ಬೆಳಗ್ಗೆ ಈ ಅಂತರ ಗೊತ್ತಾಗುತ್ತದೆ, ಹಾಗಾಗಿ 16 ಗೇಜನ್ನೇ ತನ್ನಿ.

ವೈರನ್ನು ಚಾಸಿಯ ಗುಂಟ ಈಗಾಗಲೇ ಹೋಗಿರುವ ವೈರುಗಳ ಜೊತೆಗೇ, ಸುಕ್ಕುಕೊಳವೆಯೊಳಗೆ ಹಾಕಿ ಕಟ್ಟಿಕೊಂಡು ಹೋಗಿ. ಸೈಲೆನ್ಸರ್ ಕೊಳವೆ, ಬ್ರೇಕ್ ಪೈಪು ಮತ್ತು ತಿರುಗುವ ಶಾಫ್ಟಿನಿಂದ ದೂರವಿರಲಿ. ಗೇಟಿನ ಕೀಲಿನ ಬಳಿ ಎರಡು ಸಂಗತಿ ಗಮನಿಸಬೇಕು. ಒಂದು, ಅಲ್ಲಿ ವೈರು ಪ್ರತಿ ಸಲವೂ ಬಾಗುತ್ತದೆ. ನವಿರಾದ ಎಳೆಗಳ ವೈರನ್ನು ಬಳಸಿ, ಗೇಟು ಪೂರ್ತಿ ಇಳಿದಾಗಲೂ ಬಿಗಿಯದಷ್ಟು, ಮುಚ್ಚಿದಾಗ ಕೀಲಿನ ನಡುವೆ ಸಿಕ್ಕದಷ್ಟು ಸಡಿಲ ಬಿಡಿ. ಎರಡು, ದೊಡ್ಡ ಸಾಮಾನು ಹೇರಲು ಗೇಟನ್ನೇ ಕಳಚಬೇಕಾಗುತ್ತದೆ. ಆಗ ಬಿಡಿಸಲು ಬಂಪರಿನ ಬಳಿ ನೀರು ಸೇರದ ಎರಡು ಪಿನ್ನಿನ ಕನೆಕ್ಟರ್ ಇರಲಿ. ಡಾಯ್ಚ್ ಕಂಪನಿಯ ಡಿಟಿ ಸರಣಿಯದು ಅಥವಾ ವೆದರ್ ಪ್ಯಾಕ್ ಬಗೆಯದು ಈ ಕೆಲಸಕ್ಕೆ ಹೇಳಿಮಾಡಿಸಿದವು. ಗೇಟಿನ ಹ್ಯಾಂಡಲಿನಲ್ಲಿ ಕ್ಯಾಮೆರಾ ಇದ್ದರೆ ಅದರ ವೈರು ಹೋಗುವ ದಾರಿಯನ್ನು ಅನುಸರಿಸಿ, ಆದರೆ ಮೋಟರಿಗೆ ವಿದ್ಯುತ್ತನ್ನು ಅದರಿಂದ ಕದಿಯಬೇಡಿ. 2018ರ ಮೇ ತಿಂಗಳಿನಿಂದ ಅಮೆರಿಕದಲ್ಲಿ ಮಾರಾಟಕ್ಕೆ ತಯಾರಾಗುವ ಹೊಸ ಲಘು ವಾಹನಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಗಿರುವುದರಿಂದ, ಇದೇ ಕೆಲಸವನ್ನು ಹೊಸ ಪಿಕಪ್‌ಗೆ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು: ಭಾರತದಲ್ಲಿ ಸಿಗುವ ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಬಗೆಯ ಗಾಡಿಗಳ ಗೇಟಿನಲ್ಲಿಯೂ ನಡುವೆ ಹ್ಯಾಂಡಲ್ ಇರುವುದರಿಂದ ಈ ಮೇಲಿನ ತರ್ಕ ಅಲ್ಲಿಗೂ ಹೊಂದುತ್ತದೆ. ಎರಡೂ ಬದಿಗೆ ಕೊಕ್ಕೆ ಮತ್ತು ಸರಪಳಿ ಇರುವ ಸರಕು ಪಿಕಪ್‌ಗಳಿಗೆ ಇದರ ಗೋಜು ಬೇಡ, ಅಲ್ಲಿ ಒಂದು ಒಳ್ಳೆಯ ನೇತುಬೀಗವೇ ಮೇಲು.

ಒಳಫಲಕವನ್ನು ಮುಚ್ಚುವ ಮೊದಲು ಗೇಟು ಇಳಿಸಿಟ್ಟೇ ರಿಮೋಟನ್ನು ಹಲವು ಸಲ ಒತ್ತಿ ನೋಡಿ. ಅಗುಳಿ ಪ್ರತಿ ಸಲವೂ ತುದಿ ಮುಟ್ಟಬೇಕು. ಮೋಟರಿನ ತುದಿಯಲ್ಲಿ, ಅದು ಓಡುತ್ತಿರುವಾಗ, 10 ವೋಲ್ಟಿಗಿಂತ ಹೆಚ್ಚು ಬರುತ್ತಿರಬೇಕು. ಕಡಿಮೆಯಿದ್ದರೆ ಅರ್ತ್ ಜೋಡಣೆಯನ್ನು ಮೊದಲು ಅನುಮಾನಿಸಿ, ಬಣ್ಣ ಕೆರೆಯದೆ ಬಿಗಿದ ಅರ್ತ್ ಇಂಥ ದೂರುಗಳಿಗೆ ಮಾಮೂಲಿ ಕಾರಣ. ಆಮೇಲೆ ಹ್ಯಾಂಡಲನ್ನು ಎತ್ತಿ ಹಿಡಿದುಕೊಂಡೇ ಲಾಕ್ ಒತ್ತಿ: ಅಗುಳಿ ಒಳನುಗ್ಗಲಾಗದೆ ನಿಲ್ಲಬೇಕು, ಬಿಟ್ಟು ಮತ್ತೆ ಒತ್ತಿದಾಗ ಸರಿಯಾಗಿ ಹೋಗಬೇಕು. ಮೋಟರಿಗೆ ಸತತವಾಗಿ ವಿದ್ಯುತ್ ಹೋಗುತ್ತಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಇಂಥ ಅಗ್ಗದ ಮೋಟರಿನಲ್ಲಿ ತುದಿ ಮುಟ್ಟಿದಾಗ ತಾನಾಗಿ ಆರುವ ಸ್ವಿಚ್ ಇರುವುದಿಲ್ಲ, ಕೆಲವು ಸೆಕೆಂಡು ಹಾಗೆಯೇ ಬಿಟ್ಟರೆ ಅದು ಬಿಸಿಯಾಗಿ ಸುಡುತ್ತದೆ. ಕೊನೆಗೆ ಬ್ರೇಕ್ ಕೇಬಲ್ಲನ್ನು ಎಳೆದು, ಕೈಯಿಂದಲೂ ಅಗುಳಿ ತೆರೆಯುತ್ತದೆಯೇ ಎಂದು ಗೇಟು ಮುಚ್ಚಿದ ಸ್ಥಿತಿಯಲ್ಲಿ ಒಮ್ಮೆ ನೋಡಿಬಿಡಿ. ಆದರೆ ಆ ಪರೀಕ್ಷೆಯ ಹೊತ್ತಿಗೆ ಮೇಲಿನ ಕವರ್ ತೆರೆದಿರಲಿ.

ನಿಮ್ಮ ಗೇಟಿನಲ್ಲಿ ಆ ಮೆಟ್ಟಿಲು ಇದ್ದು ಅಗುಳಿಗೆ ನೇರ ಅಡ್ಡ ದಿಕ್ಕಿನ ಜಾಗ ಸಿಗದಿದ್ದರೆ, ಓರೆಯಾಗಿ ಕೂರಿಸಿ ಸಮಾಧಾನ ಪಟ್ಟುಕೊಳ್ಳುವ ಬದಲು ನಿಮ್ಮ ವರ್ಷದ ಮಾದರಿಗೆಂದೇ ತಯಾರಾದ ಸಿದ್ಧ ಕಿಟ್ಟನ್ನೇ ಕೊಳ್ಳಿ. ರಿಲೇ, ಫ್ಯೂಸ್, ವೈರಿನ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲ ಅದಕ್ಕೂ ಹಾಗೆಯೇ ಅನ್ವಯಿಸುತ್ತದೆ.